ಗೋಡೆ ಹತ್ತದ ಹಲ್ಲಿ: ನಮ್ಮ ಕಡೆಯ ಹವೆಯಲ್ಲಿ ಲೆಪರ್ಡ್ ಗೆಕೊ ಸಾಕುವ ಸಮಗ್ರ ಮಾರ್ಗದರ್ಶಿ

ಟ್ಯೂಬ್‌ಲೈಟ್ ಹಿಂದೆ ಕೂತು ಲೊಚಗುಟ್ಟುವ ಮನೆಹಲ್ಲಿಗೂ ಲೆಪರ್ಡ್ ಗೆಕೊಗೂ ಇರುವುದು ದೂರದ ಸಂಬಂಧ. ಮನೆಹಲ್ಲಿಯ ಬೆರಳಡಿ ಅಂಟಿಕೊಳ್ಳುವ ಪದರಗಳಿವೆ, ಕಣ್ಣಿಗೆ ರೆಪ್ಪೆಯಿಲ್ಲ. ಲೆಪರ್ಡ್ ಗೆಕೊದ ಬೆರಳಿನಲ್ಲಿ ಸಣ್ಣ ಉಗುರು ಬಿಟ್ಟರೆ ಬೇರೇನಿಲ್ಲ, ಹಾಗಾಗಿ ಗಾಜು, ಗೋಡೆ ಹತ್ತಲಾರದು; ಕಣ್ಣಿಗೆ ಮಾತ್ರ ಮುಚ್ಚಿ ತೆರೆಯುವ ದಪ್ಪ ರೆಪ್ಪೆಗಳಿವೆ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗುಡ್ಡ ಮತ್ತು ಒಣ ಕುರುಚಲು ಇದರ ನೆಲೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಬೇಟೆಗೆ ಹೊರಡುತ್ತದೆ. ಪೂರ್ತಿ ಬೆಳೆದದ್ದು ಮೂತಿಯಿಂದ ಬಾಲದ ತುದಿವರೆಗೆ 20ರಿಂದ 25 ಸೆಂ.ಮೀ., ತೂಕ 50ರಿಂದ 80 ಗ್ರಾಂ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಹತ್ತನೇ ಇಯತ್ತೆಯ ಹುಡುಗ ಹಟ ಮಾಡಿ ತರಿಸಿಕೊಂಡರೆ ಅವನ ಮದುವೆಯ ಹೊತ್ತಿಗೂ ಅದು ಮನೆಯಲ್ಲೇ ಇರುತ್ತದೆ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಹುಳ ಹಾಕುವವರು ಯಾರು ಎಂಬುದನ್ನು ಈಗಲೇ ಮಾತಾಡಿಕೊಳ್ಳಿ.

ಇಂಟರ್ನೆಟ್‌ನಲ್ಲಿ ಸಿಗುವ ಬಹುಪಾಲು ಸಲಹೆ ಚಳಿ ದೇಶದವರು ಬರೆದದ್ದು. ಅವರಿಗೆ ವರ್ಷವಿಡೀ ಇರುವುದು ಒಂದೇ ಚಿಂತೆ, ಟ್ಯಾಂಕನ್ನು ಬೆಚ್ಚಗಿಡುವುದು. ನಮಗೆ ಏಪ್ರಿಲ್‌ನಲ್ಲಿ ಗದಗಿನ ಬಿಸಿಲು, ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ, ಡಿಸೆಂಬರ್‌ನಲ್ಲಿ ಬೆಳಗಿನ ಜಾವದ ಚಳಿ, ಹೀಗೆ ಮೂರು ಬೇರೆ ಬೇರೆ ತೊಂದರೆ. ಪ್ರಾಣಿಗೆ ಬೇಕಾದ ಅಂಕಿಗಳು ಎಲ್ಲ ಕಡೆಯೂ ಅವೇ. ಅವನ್ನು ಹಿಡಿದಿಡುವ ಉಪಾಯ ಮಾತ್ರ ನಮ್ಮ ಮನೆಗಳಿಗೆ ತಕ್ಕಂತೆ ಬದಲಾಗಬೇಕು.

ತರುವ ಮೊದಲು

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಂರಕ್ಷಿತ ಪ್ರಾಣಿಗಳ ಪಟ್ಟಿಗಳನ್ನು ಆಗ ಹೊಸದಾಗಿ ಜೋಡಿಸಲಾಯಿತು. ಲೆಪರ್ಡ್ ಗೆಕೊ ಮತ್ತು ಅದರ ದಾಯಾದಿ ಜಾತಿಗಳು ಭಾರತದ ಕಾಡು-ಗುಡ್ಡಗಳಲ್ಲೂ ಇರುವುದರಿಂದ ‘ಇದು ವಿದೇಶಿ ಪ್ರಾಣಿ, ಏನೂ ಆಗೂದಿಲ್ಲ ತಗೊಳ್ರಿ’ ಎಂಬ ಅಂಗಡಿಯವನ ಮಾತು ನೆಚ್ಚಿಕೊಳ್ಳುವಂಥದ್ದಲ್ಲ. ದುಡ್ಡು ಕೊಡುವ ಮೊದಲು ನಿಮ್ಮ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಗೆ ಹೋಗಿ, ಪ್ರಾಣಿಯ ವೈಜ್ಞಾನಿಕ ಹೆಸರನ್ನೇ (ಯೂಬ್ಲೆಫಾರಿಸ್ ಮ್ಯಾಕುಲೇರಿಯಸ್) ಬರೆದು ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ಪಡೆಯಿರಿ. ಸಾಕಿದ ತಳಿಯಲ್ಲಿ ಹುಟ್ಟಿದ್ದೆಂಬ ಕಾಗದ, ಬಿಲ್ಲು ಎರಡೂ ಇಲ್ಲದಿದ್ದರೆ ಆ ಪ್ರಾಣಿ ಬೇಡ. ಗುಡ್ಡದಿಂದ ಹಿಡಿದು ತಂದ ಹಲ್ಲಿಯನ್ನಂತೂ ಮುಟ್ಟಲೇಬೇಡಿ.

ಕಾಗದ ಸರಿಯಿದ್ದರೆ ಇನ್ನು ಪ್ರಾಣಿಯ ಪರೀಕ್ಷೆ. ಬಾಲದಿಂದ ಶುರು ಮಾಡಿ. ಈ ಹಲ್ಲಿಯ ಬಾಲವೇ ಅದರ ಉಗ್ರಾಣ, ಕೊಬ್ಬೆಲ್ಲ ಅಲ್ಲಿ ಕೂಡಿರುತ್ತದೆ. ಬಾಲದ ಬುಡ ಕುತ್ತಿಗೆಯಷ್ಟಾದರೂ ದಪ್ಪ ಇರಬೇಕು, ಪೆನ್ಸಿಲಿನಂತಿದ್ದರೆ ಬಿಟ್ಟುಬಿಡಿ. ಒಂದೊಂದು ಪಾದಕ್ಕೆ ಐದರಂತೆ ಇಪ್ಪತ್ತು ಬೆರಳು ಎಣಿಸಿ. ನಡೆಯುವಾಗ ಹೊಟ್ಟೆ ನೆಲದಿಂದ ಮೇಲಿರಬೇಕು. ದವಡೆ ಗಟ್ಟಿಯಾಗಿ, ಕಣ್ಣು ಪೂರ್ತಿ ತೆರೆದು, ಮಲದ್ವಾರದ ಸುತ್ತ ಒಣಗಿ ಸ್ವಚ್ಛವಾಗಿರಬೇಕು. ನಿಮ್ಮ ಎದುರಿಗೇ ಒಂದು ಹುಳ ತಿನ್ನಿಸಿ ತೋರಿಸಲು ಹೇಳಿ. ಬಾಲ ಉದುರಿ ಮತ್ತೆ ಬೆಳೆದದ್ದು ಟರ್ನಿಪ್ ಗಡ್ಡೆಯಂತೆ ಉಬ್ಬಿಕೊಂಡಿರುತ್ತದೆ. ನೋಡಲು ಚೆಂದವಿಲ್ಲ, ಆರೋಗ್ಯಕ್ಕೇನೂ ಕುಂದಿಲ್ಲ.

ಬಣ್ಣದ ತಳಿಗಳಲ್ಲಿ ಎರಡನ್ನು ದೂರವಿಡಿ. ‘ಎನಿಗ್ಮಾ’ ತಳಿಗೆ ಹುಟ್ಟಿನಿಂದಲೇ ನರದೋಷ: ತಲೆ ವಾಲಿಸುತ್ತದೆ, ಸುತ್ತು ಹೊಡೆಯುತ್ತದೆ, ಹುಳಕ್ಕೆ ಗುರಿಯಿಟ್ಟರೆ ತಪ್ಪುತ್ತದೆ. ‘ಲೆಮನ್ ಫ್ರಾಸ್ಟ್’ ತಳಿಯಲ್ಲಿ ಚರ್ಮದ ಬಿಳಿ ವರ್ಣಕೋಶಗಳೇ ಗಡ್ಡೆಯಾಗುತ್ತವೆ. ಮೊದಲ ಸಲ ಸಾಕುವವರಿಗೆ ಹಳದಿ ಮೈ, ಕಪ್ಪು ಚುಕ್ಕೆಯ ಸಾದಾ ತಳಿಯೇ ಎಲ್ಲಕ್ಕಿಂತ ಗಟ್ಟಿ. ಮರಿಗಳಿಗೆ ಚುಕ್ಕೆಯ ಬದಲು ಅಡ್ಡಪಟ್ಟೆಗಳಿರುತ್ತವೆ, ಗಾಬರಿ ಬೇಡ.

ಒಂದೇ ಸಾಕಿ. ಎರಡು ಗಂಡು ಒಂದೆಡೆ ಇದ್ದರೆ ಕಚ್ಚಾಡಿ ಸಾಯುತ್ತವೆ. ಗಂಡು-ಹೆಣ್ಣು ಕೂಡಿಟ್ಟರೆ ಗಂಡು ಬಿಡದೆ ಕಾಡಿ ಹೆಣ್ಣು ಸೊರಗುತ್ತದೆ. ಎರಡು ಹೆಣ್ಣಿದ್ದರೂ ಬಿಸಿ ಜಾಗ ಒಂದರ ಪಾಲಾಗಿ ಇನ್ನೊಂದು ಸದ್ದಿಲ್ಲದೆ ಬಡವಾಗುತ್ತದೆ. ಒಂಟಿತನ ಇದಕ್ಕೆ ದುಃಖದ ವಿಷಯವೇ ಅಲ್ಲ.

ಟ್ಯಾಂಕ್

ಬೆಳೆದ ಹಲ್ಲಿಗೆ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಬೇಕು. ಎತ್ತರ ಕಡಿಮೆಯಾದರೆ ನಡೆಯುತ್ತದೆ, ಉದ್ದ ಕಡಿಮೆಯಾದರೆ ನಡೆಯುವುದಿಲ್ಲ, ಏಕೆಂದರೆ ಒಂದು ತುದಿ ಬಿಸಿ, ಇನ್ನೊಂದು ತಂಪು ಇರಬೇಕು. ಗಿಡ್ಡ ಟ್ಯಾಂಕಿನಲ್ಲಿ ಎಲ್ಲವೂ ಒಂದೇ ಆಗಿಬಿಡುತ್ತದೆ. ಹುಬ್ಬಳ್ಳಿಯಲ್ಲಿ ಅಕ್ವೇರಿಯಂ ಮಾಡಿಕೊಡುವವರು ಅಳತೆ ಕೊಟ್ಟರೆ 5 ಮಿ.ಮೀ. ಗಾಜಿನಲ್ಲಿ ಕಟ್ಟಿಕೊಡುತ್ತಾರೆ. ಮುಂದಿನಿಂದ ಸರಿಸುವ ಎರಡು ಗಾಜು, ಮೇಲೆ ಕಬ್ಬಿಣದ ಸಣ್ಣ ಜಾಳಿಗೆ, ಎರಡೂ ಬದಿಯಲ್ಲಿ ಗಾಳಿಕಿಂಡಿ ಹೇಳಿ ಮಾಡಿಸಿ. ಮುಂದಿನ ಬಾಗಿಲು ಯಾಕೆಂದರೆ, ಮೇಲಿನಿಂದ ಬರುವ ಕೈ ಹಲ್ಲಿಗೆ ಹದ್ದಿನಂತೆ ಕಾಣುತ್ತದೆ. ಸಿಲಿಕೋನ್ ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆಯೆಂದರೂ ಒಂದು ವಾರ, ಖಾಲಿ ಇಡಿ.

ಜಾಳಿಗೆ ಬೆಕ್ಕು, ಇಲಿಗೆ ತಡೆ. ಮನೆಹಲ್ಲಿಗೂ ತಡೆ, ಅದು ಒಳಗೆ ಬಿದ್ದರೆ ಇದರ ಬಾಯಿಗೆ ತುತ್ತಾಗಿ ತನ್ನ ಹೊಟ್ಟೆಯ ಜಂತುಗಳನ್ನೂ ದಾಟಿಸುತ್ತದೆ. ಇರುವೆಗೆ ಮಾತ್ರ ಜಾಳಿಗೆ ಲೆಕ್ಕಕ್ಕಿಲ್ಲ. ಸತ್ತ ಹುಳದ ವಾಸನೆ ಹಿಡಿದು ಸಾಲುಗಟ್ಟುವ ಕೆಂಪಿರುವೆ ರಾತ್ರೋರಾತ್ರಿ ಮರಿಯನ್ನು ಕೊಲ್ಲಬಲ್ಲದು. ಹಾಲು-ಮೊಸರಿನ ಕಪಾಟಿಗೆ ಹಿಂದಿನವರು ಮಾಡುತ್ತಿದ್ದ ಉಪಾಯವೇ ಇಲ್ಲಿಗೂ ಸಾಕು: ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ನಿಲ್ಲಲಿ, ವಾರಕ್ಕೊಮ್ಮೆ ನೀರು ಬದಲಿಸಿ, ಸ್ಟ್ಯಾಂಡು ಗೋಡೆಗೆ ತಾಗದಿರಲಿ. ಗ್ಯಾಮಾಕ್ಸಿನ್ ಪುಡಿ, ಇರುವೆ ಸೀಮೆಸುಣ್ಣ, ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ ಯಾವುದೂ ಆ ಕೋಣೆಯಲ್ಲಿ ಬೇಡ. ಲೋಬಾನ, ಊದುಬತ್ತಿಯ ಹೊಗೆ ದಟ್ಟವಾಗುವ ದೇವರಮನೆಯ ಪಕ್ಕವೂ ಬೇಡ. ಅಡುಗೆಮನೆ ಬೇಡವೇ ಬೇಡ, ಕಾರಣ ಮುಂದೆ ಬರುತ್ತದೆ.

ಶಾಖ

ಬಹಳ ಜನ ಸೋಲುವುದು ಇಲ್ಲಿ. ಹಲ್ಲಿಗೆ ಸ್ವಂತ ಮೈಶಾಖವಿಲ್ಲ. ಹೊಟ್ಟೆಯೊಳಗಿನ ಹುಳ ಕರಗಬೇಕೆಂದರೆ ಹೊರಗಿನ ಬಿಸಿ ಬೇಕು. ಅದು ಸಿಗದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ಬಿಸಿ ತುದಿಯ ನೆಲ 32ರಿಂದ 34 ಡಿಗ್ರಿ, ತಂಪು ತುದಿ 24ರಿಂದ 26, ರಾತ್ರಿ 20ರವರೆಗೆ ಇಳಿದರೆ ಅಡ್ಡಿಯಿಲ್ಲ. ಈ ಮೂರು ಅಂಕಿ ಗೋಡೆಗೆ ಬರೆದು ಅಂಟಿಸುವಷ್ಟು ಮುಖ್ಯ. ಕೈಯಿಟ್ಟು ನೋಡಿ ‘ಬೆಚ್ಚಗದ’ ಅಂದರೆ ಆಗದು. ನಮ್ಮ ಕೈಗೆ 32 ಡಿಗ್ರಿ ಬಿಸಿ ಅನ್ನಿಸುವುದೇ ಇಲ್ಲ.

ಬೇಕಾದ ಸಾಮಾನು ಇಷ್ಟು: 10ರಿಂದ 15 ವ್ಯಾಟಿನ ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ತೆಳು ಹಾಸು) ಒಂದು, ಗೊತ್ತುಮಾಡಿದ ಬಿಸಿಗೆ ಅದನ್ನು ತಾನಾಗಿ ಆರಿಸಿ ಹಚ್ಚುವ ಡಿಜಿಟಲ್ ಥರ್ಮೋಸ್ಟಾಟ್ ಒಂದು, ಪ್ರೋಬ್ (ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಕಡ್ಡಿ) ಇರುವ ಥರ್ಮಾಮೀಟರ್ ಎರಡು, ಹವೆಯ ತೇವ ತೋರಿಸುವ ಹೈಗ್ರೋಮೀಟರ್ ಒಂದು. ಕೋಳಿಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕುವ ಥರ್ಮೋಸ್ಟಾಟ್ ಇದಕ್ಕೂ ಆಗುತ್ತದೆ. ಜೋಡಿಸುವ ಕ್ರಮ:

1. ಟ್ಯಾಂಕಿನ ಒಂದು ತುದಿಯ ಮೂರನೇ ಒಂದು ಭಾಗದಷ್ಟು ನೆಲಕ್ಕೆ ಮಾತ್ರ, ಗಾಜಿನ ಹೊರಗೆ ಕೆಳಭಾಗದಲ್ಲಿ ಮ್ಯಾಟ್ ಅಂಟಿಸಿ. ಟ್ಯಾಂಕಿನ ಮೂಲೆಗಳ ಕೆಳಗೆ ರಬ್ಬರ್ ಬುಶ್ ಇಟ್ಟು 4-5 ಮಿ.ಮೀ. ಎತ್ತಿ. ಸಂದಿ ಇಲ್ಲದಿದ್ದರೆ ಶಾಖ ಕಟ್ಟಿಕೊಂಡು ಗಾಜು ಸೀಳುತ್ತದೆ.

2. ಒಳಗೆ ಆ ಭಾಗಕ್ಕೆ 6-8 ಮಿ.ಮೀ. ದಪ್ಪದ ಒರಟು ಸೆರಾಮಿಕ್ ಟೈಲ್ಸ್ ಹಾಸಿ. ನುಣುಪು ಟೈಲ್ಸ್ ಮೇಲೆ ಕಾಲು ಜಾರುತ್ತದೆ.

3. ಥರ್ಮೋಸ್ಟಾಟಿನ ಪ್ರೋಬನ್ನು ಹಲ್ಲಿಯ ಹೊಟ್ಟೆ ತಾಗುವ ಜಾಗಕ್ಕೆ, ಅಂದರೆ ಟೈಲ್ಸ್ ಮೇಲೆ, ಬಿಸಿ ಗೂಡಿನೊಳಗೆ ಇಡಿ. ಸಿಲಿಕೋನ್ ಹಚ್ಚಿ ಗಟ್ಟಿ ಮಾಡಿ. ಸೆಲ್ಲೋಟೇಪ್ ಬೇಡ, ಅದು ಬಿಟ್ಟುಕೊಂಡು ಹಲ್ಲಿಯ ಚರ್ಮಕ್ಕೆ ಅಂಟುತ್ತದೆ.

4. 33ಕ್ಕೆ ಆಫ್, 32ಕ್ಕೆ ಆನ್ ಆಗುವಂತೆ ಸೆಟ್ ಮಾಡಿ.

5. ಪ್ರಾಣಿ ಇಲ್ಲದೆ ಮೂರು ದಿನ ಓಡಿಸಿ. ಬೆಳಿಗ್ಗೆ 6, ಮಧ್ಯಾಹ್ನ 3, ರಾತ್ರಿ 10ಕ್ಕೆ ಎರಡೂ ತುದಿಯ ಅಂಕಿ ಬರೆದಿಡಿ.

ಕೆಡುವುದು ಹೀಗೆ: ಪ್ರೋಬ್ ಜಾಗ ಬಿಟ್ಟು ತಂಪು ಕಡೆ ಸರಿಯುತ್ತದೆ. ಯಂತ್ರಕ್ಕೆ 26 ಕಾಣುತ್ತದೆ, ಅದು ಮ್ಯಾಟನ್ನು ಆರಿಸುವುದೇ ಇಲ್ಲ, ಟೈಲ್ಸ್ 45 ದಾಟುತ್ತದೆ. ಹಲ್ಲಿ ಸುಡುವ ಜಾಗದಿಂದ ಎದ್ದು ಓಡುತ್ತದೆ ಅಂದುಕೊಳ್ಳಬೇಡಿ; ಕೆಳಗಿನಿಂದ ಬರುವ ಬಿಸಿಗೆ ಎಷ್ಟೋ ಸಲ ಅಲ್ಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಎರಡನೇ ಥರ್ಮಾಮೀಟರ್ ಬೇಕಾಗಿರುವುದು ಇದಕ್ಕೇ. ಒಳಗೆ ಕರೆಂಟಿನಿಂದ ಕಾಯುವ ‘ಹೀಟ್ ರಾಕ್’ ಎಂಬ ಕಲ್ಲು ಮಾರುತ್ತಾರೆ, ಅದನ್ನು ಕೊಳ್ಳಲೇಬೇಡಿ.

ಶಹಾಬಾದಿ ಫರಸಿ ಹಾಕಬಹುದೇ? ತಂಪು ತುದಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಿಸಿ ತುದಿಗೆ ಬೇಡ. ಕಲ್ಲು ದಪ್ಪ, ಕೆಳಗಿನ ಮ್ಯಾಟಿನ ಬಿಸಿ ಮೇಲೆ ಬರಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಗಾಜು ಅತಿಯಾಗಿ ಕಾದಿರುತ್ತದೆ. ಮೇಲಿನಿಂದ ಹ್ಯಾಲೊಜೆನ್ ಬಲ್ಬ್ ಹಾಕುವವರಾದರೆ ಮಾತು ಬೇರೆ. ಆಗ ಕಲ್ಲು ಬಿಸಿ ಹೀರಿಕೊಂಡು ಸಂಜೆವರೆಗೂ ಬೆಚ್ಚಗಿರುತ್ತದೆ, ಗುಡ್ಡದ ಬಂಡೆಯ ಹಾಗೆ. ಬಲ್ಬಿಗೆ ಆನ್-ಆಫ್ ಥರ್ಮೋಸ್ಟಾಟ್ ಸರಿಹೊಂದದು, ಮಿನುಗಿ ಮಿನುಗಿ ಬಲ್ಬ್ ಹೋಗುತ್ತದೆ. ಬಲ್ಬನ್ನು ಆರಿಸದೆ ಮಂದ ಮಾಡುವ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇಕು. ಕೆಂಪು, ನೀಲಿ ‘ನೈಟ್ ಬಲ್ಬ್’ ಬೇಡ, ರಾತ್ರಿ ಅದಕ್ಕೆ ಕತ್ತಲೆಯೇ ಬೇಕು.

ಯುವಿಬಿ (ಬಿಸಿಲಿನಲ್ಲಿರುವ, ಮೈಯಲ್ಲಿ ವಿಟಮಿನ್ ಡಿ3 ಆಗಿಸುವ ಅತಿನೇರಳೆ ಕಿರಣ) ಟ್ಯೂಬ್ ಇದ್ದರೆ ಒಳ್ಳೆಯದು. 5ರಿಂದ 7 ಪ್ರತಿಶತದ್ದು ಸಾಕು, ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಡಿ3 ಪುಡಿಯಿಂದ ಸರಿದೂಗಿಸಬಹುದು. ಟ್ಯಾಂಕನ್ನು ಕಿಟಕಿ ಬಿಸಿಲಿಗಿಟ್ಟು ಯುವಿ ಕೊಡುತ್ತೇವೆ ಎಂಬುದು ಎರಡು ಪಟ್ಟು ತಪ್ಪು: ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಟ್ಯಾಂಕಿನ ಗಾಜು ಬಿಸಿಯನ್ನು ಕಟ್ಟಿಹಾಕುತ್ತದೆ. ಅರ್ಧ ಗಂಟೆಯಲ್ಲಿ ಪ್ರಾಣಿ ಬೆಂದುಹೋಗುತ್ತದೆ.

ಏಪ್ರಿಲ್, ಜುಲೈ, ಡಿಸೆಂಬರ್

ಬೇಸಿಗೆಯಲ್ಲಿ ಗದಗ, ಹಾವೇರಿ ಕಡೆ ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ಮಧ್ಯಾಹ್ನ 36 ದಾಟುವುದು ಹೊಸದಲ್ಲ. ಥರ್ಮೋಸ್ಟಾಟ್ ಮ್ಯಾಟನ್ನು ಆರಿಸಿಬಿಟ್ಟಿರುತ್ತದೆ, ಆದರೆ ತಂಪು ತುದಿಯೇ 35 ಆದರೆ ಹಲ್ಲಿ ಹೋಗುವುದೆಲ್ಲಿಗೆ? ಮಾರ್ಚ್ ಕೊನೆಗೇ ಟ್ಯಾಂಕನ್ನು ಕೆಳಮನೆಯ ನಡುಕೋಣೆಗೆ, ನೆಲಕ್ಕೆ ಹತ್ತಿರ ಇಳಿಸಿ. ಪಶ್ಚಿಮದ ಗೋಡೆಯಿಂದ ದೂರವಿಡಿ. ಮಧ್ಯಾಹ್ನ 12ರ ಹೊತ್ತಿಗೆ ಜಾಳಿಗೆಯ ತಂಪು ತುದಿಯ ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಫ್ಯಾನಿನ ಗಾಳಿ ಬಟ್ಟೆಗೆ ತಾಗುವಂತೆ ಮಾಡಿ. ಗದಗಿನ ಒಣಹವೆಯಲ್ಲಿ ನೀರು ಬೇಗ ಆರುವುದರಿಂದ ಈ ಉಪಾಯ ಎರಡು-ಮೂರು ಡಿಗ್ರಿಯಾದರೂ ಇಳಿಸುತ್ತದೆ. ಇದನ್ನೇ ಜುಲೈನಲ್ಲಿ ಧಾರವಾಡದಲ್ಲಿ ಮಾಡಿದರೆ ಬಟ್ಟೆ ಒಣಗುವುದೂ ಇಲ್ಲ, ತಂಪೂ ಆಗುವುದಿಲ್ಲ. ಇನ್ನೂ ಸಾಲದಿದ್ದರೆ ಒಂದು ಲೀಟರ್ ಬಾಟಲಿಯಲ್ಲಿ ನೀರು ಗಟ್ಟಿಸಿ, ಟವೆಲ್ ಸುತ್ತಿ ಜಾಳಿಗೆಯ ಮೇಲಿಡಿ, ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ. ಹಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತ ಮೂಲೆಗೆ ಒತ್ತಿಕೊಂಡಿದ್ದರೆ ತಡಮಾಡದೆ ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ ತಣ್ಣನೆ ಫರಸಿಯ ಮೇಲಿಡಿ. ಐಸ್ ನೀರಿಗೆ ಅದ್ದಬೇಡಿ, ಆ ಹೊಡೆತ ತಡೆಯಲಾರದು.

ಮಳೆಗಾಲದ ಶತ್ರು ತೇವ. ಟ್ಯಾಂಕಿನ ಹವೆಯ ತೇವ 30ರಿಂದ 40 ಪ್ರತಿಶತ ಇರಬೇಕು. ಧಾರವಾಡದಲ್ಲಿ ಗೋಡೆ ಒಸರುವ ದಿನಗಳಲ್ಲಿ ಹೈಗ್ರೋಮೀಟರ್ 85 ತೋರಿಸುತ್ತದೆ. ತೇವದ ಜೊತೆ ತಂಪೂ ಸೇರಿದರೆ ಹಲ್ಲಿಯ ಪುಪ್ಪುಸಕ್ಕೆ ಸೋಂಕು ತಗುಲುತ್ತದೆ: ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಟಿಕ್‌ಟಿಕ್ ಸದ್ದು. ಹೊರಗಿನ ತೇವವನ್ನು ಪೂರ್ತಿ ತಡೆಯಲಾಗದು, ಆದರೆ ಬಿಸಿ ತುದಿಯನ್ನು ತಪ್ಪದೆ 33ರಲ್ಲಿಟ್ಟರೆ ಅಲ್ಲಿಯ ಗಾಳಿ ತಾನಾಗಿ ಒಣಗಿರುತ್ತದೆ. ನೀರಿನ ಬಟ್ಟಲು ಚಿಕ್ಕದು ಮಾಡಿ ತಂಪು ತುದಿಗೆ ಸರಿಸಿ, ಹಾಸಿದ ಕಾಗದ ದಿನಾ ಬದಲಿಸಿ, ಗಾಳಿಕಿಂಡಿ ಮುಚ್ಚಬೇಡಿ.

ಚಳಿಗಾಲ ಇವೆರಡಕ್ಕಿಂತ ಹಗುರ. ಮೂರು ಬದಿಗೆ ಥರ್ಮೋಕೋಲ್ ಹಚ್ಚಿದರೆ ಮ್ಯಾಟ್ ಒಂದರಿಂದಲೇ ನಡೆದುಹೋಗುತ್ತದೆ. ಕೆಲವು ಹಲ್ಲಿ ಡಿಸೆಂಬರ್, ಜನವರಿಯಲ್ಲಿ ಊಟ ಬಿಡುತ್ತವೆ. ತೂಕ ಇಳಿಯದಿದ್ದರೆ ಬಿಟ್ಟುಬಿಡಿ. ಕರೆಂಟ್ ಹೋದರೆ 15 ವ್ಯಾಟಿನ ಮ್ಯಾಟನ್ನು ಮನೆಯ ಇನ್ವರ್ಟರ್ ಲೀಲಾಜಾಲವಾಗಿ ಎಳೆಯುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಗೂಡಿನ ಪಕ್ಕ ಇಡಿ. ಒಂದು ರಾತ್ರಿ 18ಕ್ಕೆ ಇಳಿದರೆ ಸಾಯುವುದಿಲ್ಲ. ಬಿಸಿ ಮರಳಿ ಬರುವವರೆಗೆ ಹುಳ ಮಾತ್ರ ಹಾಕಬೇಡಿ.

ನೆಲ ಮತ್ತು ಗೂಡು

ಮೊದಲ ಎರಡು-ಮೂರು ತಿಂಗಳು ಟಿಶ್ಯೂ ಅಥವಾ ಹಳೆಯ ಪತ್ರಿಕೆ ಸಾಕು. ಮಲದ ಬಣ್ಣ, ಹದ ಕಾಣುತ್ತದೆ, ಬದಲಿಸುವುದೂ ಸಲೀಸು. ಆಮೇಲೆ ಟೈಲ್ಸ್ ಮೇಲೆಯೇ ಮುಂದುವರಿಸಬಹುದು. ಮಣ್ಣು ಹಾಸುವ ಆಸೆಯಿದ್ದರೆ ಎರಿಮಣ್ಣು ಬೇಡ; ಒದ್ದೆಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿಯುತ್ತದೆ. ಔಷಧಿ-ಗೊಬ್ಬರ ಬೀಳದ ಜಾಗದ ಮಸಾರಿ ಮಣ್ಣು ಮೂರು ಪಾಲು, ತೊಳೆದ ಮರಳು ಒಂದು ಪಾಲು ಕೂಡಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದು 5-6 ಸೆಂ.ಮೀ. ಹಾಸಿ ತಟ್ಟಿ ಗಟ್ಟಿ ಮಾಡಿ. ಅಷ್ಟು ದಪ್ಪ ಮಣ್ಣಿನ ಕೆಳಗೆ ಮ್ಯಾಟ್ ಕೆಲಸ ಮಾಡದು, ಮೇಲಿನಿಂದ ಬಲ್ಬ್ ಬೇಕೇ ಬೇಕು. ಬರೀ ಮರಳು, ಅಂಗಡಿಯ ಬಣ್ಣದ ‘ಕ್ಯಾಲ್ಸಿಯಂ ಮರಳು’ ಹೊಟ್ಟೆ ಸೇರಿ ಕರುಳು ಕಟ್ಟಿಸುತ್ತದೆ.

ಗೂಡು ಮೂರು ಬೇಕು: ಬಿಸಿ ತುದಿಗೊಂದು, ತಂಪು ತುದಿಗೊಂದು, ನಡುವೆ ತೇವದ್ದೊಂದು. ಒಣ ಗೂಡಿಗೆ ಹಳೆಮನೆ ಕೆಡವಿದಲ್ಲಿ ಸಿಗುವ ಅರೆಗೊಳವೆಯ ನಾಡಹೆಂಚಿಗಿಂತ ಒಳ್ಳೆಯದು ಕಾಣೆವು. ಚೆನ್ನಾಗಿ ತೊಳೆದು, ಒಂದು ಬಾಯಿ ಕಲ್ಲಿನಿಂದ ಮುಚ್ಚಿ ಬೋರಲು ಹಾಕಿ. ಹಲ್ಲಿಯ ಬೆನ್ನು ಹೆಂಚಿಗೆ ತಾಗುವಷ್ಟು ಇಕ್ಕಟ್ಟಾಗಿದ್ದರೇ ಅದಕ್ಕೆ ಧೈರ್ಯ. ತೇವದ ಗೂಡಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ 5 ಸೆಂ.ಮೀ. ತೂತು ಕೊರೆದು, ಅಂಚನ್ನು ಮರಳುಕಾಗದದಿಂದ ಉಜ್ಜಿ, ಒಳಗೆ ಹಿಂಡಿದ ಒದ್ದೆ ಟಿಶ್ಯೂ ಅಥವಾ ಸ್ಫ್ಯಾಗ್ನಮ್ ಪಾಚಿ ತುಂಬಿ. ಮುಟ್ಟಿದರೆ ತೇವ ತಿಳಿಯಬೇಕು, ನೀರು ನಿಂತಿರಬಾರದು.

ಕುಡಿಯಲು ಅಗಲವಾದ, ಆಳವಿಲ್ಲದ ಬಟ್ಟಲು, ದಿನಾ ಹೊಸ ನೀರು. ಬೋರ್‌ವೆಲ್ ನೀರಿನ ಬಿಳಿ ಕರೆ ಕಟ್ಟಿದರೆ ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯಿರಿ.

ಮೊದಲ ಹದಿನೈದು ದಿನ

ತಂದ ದಿನ ಒಳಗೆ ಬಿಟ್ಟು ಬಾಗಿಲು ಹಾಕಿ. ಎರಡು-ಮೂರು ದಿನ ನೀರು ಬದಲಿಸುವುದು ಬಿಟ್ಟರೆ ಏನೂ ಬೇಡ. ನಾಲ್ಕನೇ ಸಂಜೆ ಎರಡು ಹುಳ ಹಾಕಿ ನೋಡಿ. ತಿನ್ನದಿದ್ದರೆ ತೆಗೆದು, ದಿನ ಬಿಟ್ಟು ದಿನ ಮತ್ತೆ ಹಾಕಿ. ಬೆಳೆದ ಹಲ್ಲಿ ಹತ್ತು ದಿನ ಉಪವಾಸವಿದ್ದರೂ ಬಾಲದ ಕೊಬ್ಬಿನ ಮೇಲೆ ಬದುಕುತ್ತದೆ. ಮರಿ ಐದು ದಿನ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ನೆಂಟರು ಬಂದಾಗ ಗಾಜು ತಟ್ಟಿ ಎಬ್ಬಿಸಿ ತೋರಿಸುವ ಹುಮ್ಮಸ್ಸನ್ನು ಒಂದು ತಿಂಗಳು ತಡೆದುಕೊಳ್ಳಿ.

ಊಟ

ಇದು ಅಪ್ಪಟ ಕೀಟಾಹಾರಿ. ಅನ್ನ, ಹಣ್ಣು, ಪನೀರ್, ಬೇಯಿಸಿದ ಮೊಟ್ಟೆ ಯಾವುದೂ ಆಗದು. ಜೀವಂತ ಹುಳವೇ ಬೇಕು. ಮನೆಯವರಿಗೆ ಇದು ಒಪ್ಪಿಗೆಯಿಲ್ಲದಿದ್ದರೆ ಹಲ್ಲಿಯ ಆಸೆ ಇಲ್ಲಿಗೇ ಬಿಡುವುದು ಲೇಸು.

ನಮ್ಮಲ್ಲಿ ಸುಲಭವಾಗಿ ಸಾಕಬಹುದಾದದ್ದು ಮೀಲ್‌ವರ್ಮ್, ಅಂದರೆ ಒಂದು ಜಾತಿಯ ಕಪ್ಪು ದುಂಬಿಯ ಮರಿಹುಳ. ಗಿರಣಿಯಿಂದ ಗೋಧಿ ಬೂಸಾ ತಂದು ಎರಡು ದಿನ ಫ್ರೀಜರಿನಲ್ಲಿಟ್ಟು ನುಸಿ ಸಾಯಿಸಿ. ಅಗಲವಾದ ಟಬ್ಬಿನಲ್ಲಿ 4-5 ಸೆಂ.ಮೀ. ಹರಡಿ 200 ಹುಳ ಬಿಡಿ. ತೇವಕ್ಕೆ ಗಜ್ಜರಿಯ ಒಂದೆರಡು ಹೋಳು ಬೆಳಿಗ್ಗೆ ಇಟ್ಟು ಸಂಜೆ ತೆಗೆಯಿರಿ. ಹುಳ ಕೋಶವಾಗಿ, ಕೋಶ ಕಪ್ಪು ದುಂಬಿಯಾಗಿ, ದುಂಬಿ ಮೊಟ್ಟೆಯಿಟ್ಟು ಮತ್ತೆ ದೊಡ್ಡ ಹುಳ ಆಗಲು ಸುಮಾರು ಮೂರು-ನಾಲ್ಕು ತಿಂಗಳು ಬೇಕು, ಆದ್ದರಿಂದ ತಿಂಗಳ ಅಂತರದಲ್ಲಿ ಮೂರು-ನಾಲ್ಕು ಟಬ್ಬು ಮಾಡಿಕೊಂಡರೆ ಹುಳ ತೀರುವುದಿಲ್ಲ. ಮಳೆಗಾಲದಲ್ಲಿ ಬೂಸಾ ಮುಗ್ಗಲಾಗಿ ಬೂದಿಯಂಥ ನುಸಿ ಎದ್ದರೆ ಇಡೀ ಟಬ್ಬು ಹೋಯಿತೆಂದೇ ಲೆಕ್ಕ. ಆ ತಿಂಗಳುಗಳಲ್ಲಿ ಗಜ್ಜರಿ ಅರ್ಧ ಕಡಿಮೆ ಮಾಡಿ.

ಬರೀ ಮೀಲ್‌ವರ್ಮ್ ಸಾಲದು, ಅದರಲ್ಲಿ ಕೊಬ್ಬು ಜಾಸ್ತಿ. ರಾತ್ರಿ ಚಿರ್‌ಗುಟ್ಟುವ ಕ್ರಿಕೆಟ್ ಹುಳ, ಡುಬಿಯಾ ಎಂಬ ಜಾತಿಯ ಜೊಂಡಿಗ (ಜಿರಳೆ), ರೇಷ್ಮೆಹುಳ ಸರದಿಯಲ್ಲಿ ಕೊಡಿ. ಡುಬಿಯಾ ಎಲ್ಲಕ್ಕಿಂತ ಪೌಷ್ಟಿಕ. ವಾಸನೆ, ಸದ್ದು ಇಲ್ಲ, ನುಣುಪು ಗೋಡೆ ಹತ್ತಲಾರದು. ಆದರೆ ಜೊಂಡಿಗ ಓಡಿಸಲು ದುಡ್ಡು ಖರ್ಚು ಮಾಡುವ ಮನೆಯಲ್ಲಿ ಜೊಂಡಿಗವನ್ನೇ ಡಬ್ಬಿಯಲ್ಲಿ ಸಾಕುವೆನೆಂದರೆ ಅವ್ವನನ್ನು ಒಪ್ಪಿಸುವುದು ಹಲ್ಲಿ ಸಾಕುವುದಕ್ಕಿಂತ ಕಷ್ಟದ ಕೆಲಸ. ರೇಷ್ಮೆಹುಳ ಮೆತ್ತಗಿದ್ದು ಬೇಗ ಕರಗುತ್ತದೆ. ಸೊಪ್ಪಿಗೆ ಔಷಧಿ ಹೊಡೆದಿಲ್ಲ ಎಂದು ಬೆಳೆಗಾರರಲ್ಲಿ ಕೇಳಿ ತನ್ನಿ.

ಹೊಲದ ಮಿಡತೆ, ಮನೆಯ ಜೊಂಡಿಗ ಹಿಡಿದು ಹಾಕಬೇಡಿ. ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲವಿರಲಿ, ಹತ್ತಿ ಹೊಲವಿರಲಿ, ಕೀಟನಾಶಕ ಬೀಳದ ವಾರವಿಲ್ಲ. ಮಿಡತೆಯ ಮೈಯಲ್ಲಿರುವ ವಿಷ ಇಷ್ಟು ಸಣ್ಣ ಪ್ರಾಣಿಗೆ ಅಪಾಯ ತರಬಹುದು. ಮಿಂಚುಹುಳವಂತೂ ಹಲ್ಲಿ ಜಾತಿಗೇ ನಂಜು.

ಹುಳದ ಗಾತ್ರ ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಅಗಲವಿರಬಾರದು. ನಾಲ್ಕು ತಿಂಗಳೊಳಗಿನ ಮರಿಗೆ ದಿನಾ 5ರಿಂದ 8 ಸಣ್ಣ ಹುಳ. ವರ್ಷದವರೆಗೆ ದಿನ ಬಿಟ್ಟು ದಿನ. ಬೆಳೆದದ್ದಕ್ಕೆ ವಾರಕ್ಕೆ ಎರಡು-ಮೂರು ಸಲ, ಸಲಕ್ಕೆ 6ರಿಂದ 8. ಕಂಕುಳಲ್ಲಿ ಗುಳ್ಳೆಯಂತೆ ಕೊಬ್ಬು ತುಂಬಿಕೊಂಡರೆ ಊಟ ಇಳಿಸಿ. ಕಾಲು ಗಂಟೆಯಲ್ಲಿ ತಿನ್ನದೆ ಉಳಿದ ಕ್ರಿಕೆಟ್ ಹುಳ ಹೊರತೆಗೆಯಿರಿ, ಇಲ್ಲವಾದರೆ ಮಲಗಿದ ಹಲ್ಲಿಯನ್ನೇ ಅದು ಕಚ್ಚುತ್ತದೆ.

ದೀಪ ಸಣ್ಣದು ಮಾಡಿ ಬೇಟೆ ನೋಡಿ. ಹುಳ ಕದಲಿದ ಕೂಡಲೇ ತಲೆ ತಗ್ಗುತ್ತದೆ, ಮೈ ನಿಂತಲ್ಲೇ ನಿಲ್ಲುತ್ತದೆ, ಬಾಲದ ತುದಿ ಮಾತ್ರ ಬೆಕ್ಕಿನದ್ದರಂತೆ ಸರಸರನೆ ನಡುಗುತ್ತದೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಟಪ್ಪೆಂದು ಒಂದೇ ಏಟು. ನುಂಗಿ ಮುಗಿಸಿ ದಪ್ಪ ಗುಲಾಬಿ ನಾಲಿಗೆಯಿಂದ ಮೂತಿ, ಕಣ್ಣು ಒರೆಸಿಕೊಳ್ಳುತ್ತದೆ. ಇದೇ ಬಾಲ ಮೇಲೆದ್ದು ನಿಧಾನವಾಗಿ ಅತ್ತಿತ್ತ ಬಳುಕಿದರೆ ಅರ್ಥ ಬೇರೆ: ಹೆದರಿದೆ, ಹತ್ತಿರ ಬರಬೇಡ ಎನ್ನುತ್ತಿದೆ.

ಇನ್ನು ಸುಣ್ಣದಂಶ. ಹುಳಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಆ ಕೊರತೆಯನ್ನು ಹಲ್ಲಿ ತನ್ನ ಎಲುಬಿನಿಂದಲೇ ತುಂಬಿಕೊಳ್ಳುತ್ತದೆ, ಎಲುಬು ಮೆತ್ತಗಾಗುತ್ತದೆ. ಎರಡು ಕೆಲಸ ಮಾಡಿ. ಹಾಕುವ ಹಿಂದಿನ ದಿನ ಹುಳಗಳಿಗೆ ಗಜ್ಜರಿ, ನುಗ್ಗೆಸೊಪ್ಪು ತಿನ್ನಿಸಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಾಕುವಾಗ ಡಬ್ಬಿಯಲ್ಲಿ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಿ ಹುಳಗಳನ್ನು ಕುಲುಕಿ. ಧಾರವಾಡ ಪೇಢೆಯ ಮೇಲಿನ ಸಕ್ಕರೆಯಷ್ಟು ತೆಳುವಾಗಿ ಹತ್ತಿದರೆ ಸಾಕು. ಮರಿಗೆ ಪ್ರತಿ ಊಟಕ್ಕೂ, ಬೆಳೆದದ್ದಕ್ಕೆ ಊಟ ಬಿಟ್ಟು ಊಟಕ್ಕೆ. ಡಿ3 ಇರುವ ಪುಡಿ ಯುವಿಬಿ ಇಲ್ಲದ ಟ್ಯಾಂಕಿಗೆ ವಾರಕ್ಕೊಮ್ಮೆ, ಇದ್ದರೆ ತಿಂಗಳಿಗೆ ಎರಡು ಸಲ. ಡಿ3 ಅತಿಯಾದರೂ ವಿಷವೇ. ಮಲ್ಟಿವಿಟಮಿನ್ ಪುಡಿ ತಿಂಗಳಿಗೆ ಎರಡು ಸಲ.

ಒಂದು ಎಚ್ಚರಿಕೆ ನಮ್ಮ ಕಡೆಯವರಿಗಾಗಿಯೇ: ಎಲೆ-ಅಡಿಕೆಯ ಸುಣ್ಣ ಇದಕ್ಕೆ ಬದಲಿ ಅಲ್ಲ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಹಲ್ಲಿಯ ಬಾಯಿ, ಅನ್ನನಾಳ ಸುಟ್ಟುಬಿಡುತ್ತದೆ.

ಪೊರೆ

ಮರಿ ಎರಡು ವಾರಕ್ಕೊಮ್ಮೆ, ಬೆಳೆದದ್ದು ತಿಂಗಳು-ಎರಡು ತಿಂಗಳಿಗೊಮ್ಮೆ ಪೊರೆ ಬಿಡುತ್ತದೆ. ಹಿಂದಿನ ದಿನ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಮೂತಿಯನ್ನು ಹೆಂಚಿಗೆ ಉಜ್ಜಿ ಹರಿದುಕೊಂಡು, ಕೈಗವಸು ಕಳಚಿದಂತೆ ಎಳೆದೆಳೆದು ತಾನೇ ತಿಂದುಬಿಡುತ್ತದೆ, ಹುಡುಕಿದರೂ ನಿಮಗೆ ತುಣುಕು ಸಿಗುವುದಿಲ್ಲ. ಮರುದಿನ ಬ್ಯಾಟರಿ ಹಿಡಿದು ಬೆರಳು ಮಾತ್ರ ಒಂದೊಂದಾಗಿ ನೋಡಿ. ಬೆರಳಿಗೆ ಸಿಕ್ಕ ಪೊರೆ ಒಣಗಿ ದಾರದಂತೆ ಬಿಗಿದು ರಕ್ತ ನಿಲ್ಲಿಸುತ್ತದೆ, ಎರಡು-ಮೂರು ಸಲ ಹೀಗಾದರೆ ಬೆರಳೇ ಉದುರುತ್ತದೆ. ಸಿಕ್ಕಿದ್ದರೆ ಗಾಳಿತೂತಿನ ಡಬ್ಬಿಯಲ್ಲಿ 30 ಡಿಗ್ರಿ ನೀರಿನಲ್ಲಿ ನೆನೆದ ಟಿಶ್ಯೂ ಹಾಸಿ 15-20 ನಿಮಿಷ ಇಡಿ, ಒದ್ದೆ ಇಯರ್‌ಬಡ್‌ನಿಂದ ಬೆರಳ ತುದಿಯ ಕಡೆಗೆ ಹೊರಳಿಸುತ್ತ ತೆಗೆಯಿರಿ. ಬರದಿದ್ದರೆ ನಾಳೆ ಮತ್ತೆ. ಒಣಗಿದ್ದನ್ನು ಎಳೆಯಬೇಡಿ, ರೆಪ್ಪೆಯೊಳಗಿನ ಪೊರೆಗೆ ನೀವು ಕೈ ಹಾಕಬೇಡಿ.

ಕೈಗೆ ತೆಗೆದುಕೊಳ್ಳುವುದು

ಸಂಜೆ, ಅದು ತಾನಾಗಿ ಎದ್ದಾಗ, ಅಂಗೈಯನ್ನು ನೆಲಕ್ಕೆ ಹಚ್ಚಿ ಸುಮ್ಮನಿರಿ. ನೆಕ್ಕಿ ನೋಡಿ ಹತ್ತಿದರೆ ಹತ್ತು ನಿಮಿಷ ಇರಲಿ, ಹತ್ತದಿದ್ದರೆ ಬಿಡಿ. ಕೂತೇ ಹಿಡಿಯಿರಿ, ನಿಂತಾಗ ಜಾರಿದರೆ ಎಲುಬು ಮುರಿಯುತ್ತದೆ. ಬಾಲ ಹಿಡಿದರೆ ಬಾಲ ನಿಮ್ಮ ಕೈಯಲ್ಲಿ ಉಳಿದು ಒದ್ದಾಡುತ್ತದೆ, ಹಲ್ಲಿ ಓಡಿಹೋಗಿರುತ್ತದೆ. ಹಾಗಾದರೆ ಟಿಶ್ಯೂ ಹಾಸಿನ ಮೇಲಿಟ್ಟು, ಗಾಯ ಒಣಗುವವರೆಗೆ ತೇವದ ಗೂಡು ತೆಗೆದಿಡಿ. ಹಲ್ಲಿ ಬಿದ್ದ ಹಾಲು ವಿಷ ಎಂದು ಕೇಳಿ ಬೆಳೆದ ಮನೆಯ ಹಿರಿಯರಿಗೆ ಇದರಲ್ಲಿ ವಿಷವಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಆದರೆ ಎಲ್ಲ ಹಲ್ಲಿ, ಆಮೆಗಳಂತೆ ಇದರ ಮಲದಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಅಡುಗೆಮನೆ ಬೇಡ ಎಂದದ್ದು ಇದಕ್ಕೇ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು, ಬಟ್ಟಲುಗಳನ್ನು ಪಾತ್ರೆ ತಿಕ್ಕುವ ಜಾಗದಲ್ಲಿ ತೊಳೆಯಬಾರದು, ಐದು ವರ್ಷದೊಳಗಿನ ಮಕ್ಕಳು ಮತ್ತು ಬಸುರಿಯರು ಮುಟ್ಟದಿರಲಿ.

ತಕ್ಕಡಿ ಮತ್ತು ವೈದ್ಯರು

ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಡುಗೆ ತಕ್ಕಡಿಯನ್ನು ಹಲ್ಲಿಗೆಂದೇ ಬೇರೆ ತನ್ನಿ. ಪ್ರತಿ ರವಿವಾರ ತೂಗಿ ಬರೆದಿಡಿ. ಹಲ್ಲಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಟ್ಟುಕೊಳ್ಳುತ್ತದೆ, ತಕ್ಕಡಿ ಮೊದಲು ಹೇಳುತ್ತದೆ. ತಿಂಗಳಲ್ಲಿ ತೂಕದ ಹತ್ತನೇ ಒಂದು ಪಾಲು ಇಳಿದರೆ ಕಾಯಬೇಡಿ. ಸರಿಯಾದ ಮಲದಲ್ಲಿ ಕಂದು ಭಾಗವೊಂದು, ಬಿಳಿ ಭಾಗವೊಂದು ಇರುತ್ತದೆ, ಯಾವಾಗಲೂ ಒಂದೇ ಮೂಲೆಯಲ್ಲಿ. ಬಾಲ ದಿನೇದಿನೇ ಕಡ್ಡಿಯಾಗುತ್ತ, ಮಲ ನೀರಾಗಿ ಕೆಟ್ಟ ವಾಸನೆ ಬಂದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿಯ ಸಂಶಯ; ಅದಕ್ಕೆ ಖಾತ್ರಿಯ ಔಷಧಿಯಿಲ್ಲ, ಬೇರೆ ಹಲ್ಲಿಗಳಿದ್ದರೆ ಕೂಡಲೇ ದೂರ ಮಾಡಿ. ದವಡೆ ರಬ್ಬರಿನಂತಾಗಿ ಕಾಲು ಸೊಟ್ಟಗಾದರೆ, ಬೆರಳು ನಡುಗಿದರೆ ಕ್ಯಾಲ್ಸಿಯಂ ಕೊರತೆ. ವಾರಗಟ್ಟಲೆ ಮಲವಿಲ್ಲದೆ ಹೊಟ್ಟೆ ಉಬ್ಬಿದ್ದರೆ ಕರುಳು ಕಟ್ಟಿದೆ, ಅಥವಾ ಹೆಣ್ಣಿಗೆ ಮೊಟ್ಟೆ ಸಿಕ್ಕಿಕೊಂಡಿದೆ. ಗಂಡು ಕೂಡದಿದ್ದರೂ ಹೆಣ್ಣು ಬರಡು ಮೊಟ್ಟೆಯಿಡುತ್ತದೆ. ಮಲದ್ವಾರದ ಮುಂದೆ ‘ವಿ’ ಆಕಾರದಲ್ಲಿ ಮೇಣದ ಚುಕ್ಕೆಗಳ ಸಾಲು, ಹಿಂದೆ ಎರಡು ಉಬ್ಬು ಇದ್ದರೆ ಗಂಡು.

ದನ-ಎಮ್ಮೆ ನೋಡುವ ಎಲ್ಲ ವೈದ್ಯರಿಗೂ ಹಲ್ಲಿಯ ಅನುಭವ ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಪ್ರಾಣಿ ತರುವ ಮೊದಲೇ ಸರೀಸೃಪ ನೋಡುವವರು ಯಾರೆಂದು ವಿಚಾರಿಸಿ ನಂಬರ್ ಬರೆದಿಡಿ. ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲೂ ಕೇಳಿ ನೋಡಬಹುದು. ಒಯ್ಯುವಾಗ ಅದೇ ದಿನದ ಮಲ ಸಣ್ಣ ಡಬ್ಬಿಯಲ್ಲಿರಲಿ, ತೂಕ ಮತ್ತು ಶಾಖ ಬರೆದ ವಹಿ ಜೊತೆಗಿರಲಿ. ಹಲ್ಲಿಯನ್ನು ತೂತಿರುವ ಊಟದ ಡಬ್ಬಿಯಲ್ಲಿ ಟಿಶ್ಯೂ ಹಾಸಿ, ಆ ಡಬ್ಬಿಯನ್ನು ಬಟ್ಟೆ ಚೀಲದಲ್ಲಿಟ್ಟು ಮಡಿಲಲ್ಲೇ ಇಟ್ಟುಕೊಳ್ಳಿ. ಬಸ್ಸಿನ ಎಂಜಿನ್ ಹತ್ತಿರದ ಸೀಟು, ಬಿಸಿಲು ಬೀಳುವ ಕಿಟಕಿ ಎರಡೂ ಬೇಡ. ಬೇಸಿಗೆಯಾದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಹಿಂದಿನ ರಾತ್ರಿ ಹುಳ ಹಾಕಬೇಡಿ, ದಾರಿಯಲ್ಲಿ ವಾಂತಿ ಮಾಡಿಕೊಳ್ಳುತ್ತದೆ.